ಬೆಟ್ಟದ ಬೇಟೆಯ ರೈಫಲ್ ಸ್ಕೋಪ್: ಗಟ್ಟಿತನ ಅಳೆಯುವ ಬಗೆ

ಸ್ಕೋಪ್ ಒಡೆದುಹೋಗುವುದು ಅಪರೂಪ. ಕೆಡುವುದು ಮಾತ್ರ ಅಪರೂಪವಲ್ಲ. ಬಂಡೆಗೆ ಬಡಿದ ಮೇಲೂ ಗಾಜು ನೆಟ್ಟಗಿರುತ್ತದೆ, ಚಿತ್ರ ಸ್ವಚ್ಛವಾಗಿರುತ್ತದೆ, ಗುರಿ ಹೊಂದಿಸುವ ತಿರುಗುಗುಂಡಿ, ಅಂದರೆ ಟರೆಟ್, ಮೊದಲಿನಂತೆಯೇ ಟಕ್ ಟಕ್ ಎನ್ನುತ್ತದೆ. ಗುಂಡು ಮಾತ್ರ 300 ಮೀಟರ್ ದೂರದಲ್ಲಿ ಒಂದು ಗೇಣು ಆಚೆ ಬೀಳುತ್ತದೆ. ಪ್ರಾಣಿ ಗಾಯಗೊಂಡು ಕೊರಕಲಿಗಿಳಿದ ಮೇಲೆ ತಪ್ಪು ಯಾರದು ಎಂದು ಹುಡುಕಿ ಫಲವಿಲ್ಲ. ಆದ್ದರಿಂದ ಬೆಟ್ಟಕ್ಕೆ ಒಯ್ಯುವ ಸ್ಕೋಪಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಪೆಟ್ಟು, ಕುಲುಕಾಟ, ಚಳಿ, ನೀರು ಎಲ್ಲವೂ ಆದ ಮೇಲೆ ಝೀರೋ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವ ಹೊಂದಾಣಿಕೆ, ಇದ್ದಲ್ಲೇ ಇದೆಯೇ? ಗಾಜಿನ ಹೊಳಪು, ದೊಡ್ಡ ವರ್ಧನೆ, ಬಣ್ಣದ ನಿಖರತೆಗಳ ಸರದಿ ಆಮೇಲೆ.

ಒಳಗೆ ಏನು ಅಲ್ಲಾಡುತ್ತದೆ

ಹೊರಗಿನ ಅಲ್ಯೂಮಿನಿಯಂ ಟ್ಯೂಬಿನೊಳಗೆ ಇನ್ನೊಂದು ಸಣ್ಣ ಟ್ಯೂಬ್ ಇರುತ್ತದೆ. ಅದಕ್ಕೆ ಇರೆಕ್ಟರ್ ಎಂದು ಹೆಸರು. ತಲೆಕೆಳಗಾದ ಚಿತ್ರವನ್ನು ನೆಟ್ಟಗೆ ಮಾಡುವ ಮಸೂರಗಳು ಅದರೊಳಗಿವೆ. ಅದರ ಹಿಂತುದಿ ಒಂದು ಕೀಲಿನ ಮೇಲೆ ಕೂತಿರುತ್ತದೆ. ಮುಂತುದಿಯನ್ನು ಮೇಲಿನಿಂದ ಒಂದು ಟರೆಟ್ ಸ್ಕ್ರೂ, ಪಕ್ಕದಿಂದ ಇನ್ನೊಂದು ಒತ್ತುತ್ತವೆ. ಎದುರು ದಿಕ್ಕಿನಿಂದ ಸ್ಪ್ರಿಂಗ್ ತಳ್ಳುತ್ತದೆ. ಝೀರೋ ಉಳಿಯುವುದು ಈ ಸ್ಪ್ರಿಂಗಿನ ಬಲದಿಂದ. ಅದು ಸೋತರೆ ಇರೆಕ್ಟರ್ ಪ್ರತಿ ಪೆಟ್ಟಿಗೂ ಸ್ಕ್ರೂವಿನಿಂದ ಜಿಗಿದು, ಮರಳಿ ಬೇರೆ ಜಾಗದಲ್ಲಿ ಕೂರುತ್ತದೆ.

ಇಲ್ಲಿನ ಅಳತೆಗಳು ಎಷ್ಟು ಸೂಕ್ಷ್ಮ ಎಂಬುದಕ್ಕೆ ಒಂದು ಲೆಕ್ಕ. ಮಿಲ್ ಎಂಬುದು ಕೋನದ ಅಳತೆ, ದೂರದ ಸಾವಿರದಲ್ಲೊಂದು ಪಾಲು. ಮುಂದಿನ ಮಸೂರದ ನಾಭಿದೂರ 175 ಮಿಮೀ ಎಂದಿಟ್ಟುಕೊಳ್ಳಿ. 0.1 ಮಿಲ್‌ನ ಒಂದು ಕ್ಲಿಕ್ ಎಂದರೆ ಅದರ ನಾಭಿತಲದಲ್ಲಿ 0.0175 ಮಿಮೀ ಚಲನೆ. ತಲೆಗೂದಲಿನ ದಪ್ಪದಷ್ಟು, ಅಂದರೆ ಸುಮಾರು 0.07 ಮಿಮೀ ಜರುಗಿದರೆ 0.4 ಮಿಲ್ ಆಯಿತು. 300 ಮೀಟರ್‌ನಲ್ಲಿ ಅದು 12 ಸೆಂಮೀ. ಹೊರಗಿನ ಕಟ್ಟಿಗೂ ಇದೇ ನ್ಯಾಯ. ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ಎರಡು ರಿಂಗುಗಳ ನಡುವೆ 120 ಮಿಮೀ ಅಂತರವಿದ್ದು ಒಂದು ರಿಂಗ್ 0.05 ಮಿಮೀ ಸರಿದರೂ ಗುರಿ ಅಷ್ಟೇ ತಪ್ಪುತ್ತದೆ. ಕಣ್ಣಿಗೆ ಕಾಣುವಂಥ ದೋಷವಲ್ಲ ಇದು. ಗುಂಡು ಹಾರಿಸಿ ಅಳೆದೇ ಹಿಡಿಯಬೇಕು.

ಜಾಹೀರಾತಿನ ಪಟ್ಟಿಯನ್ನು ಓದುವ ಬಗೆ

"1000 ಜಿ ಆಘಾತ ತಾಳುತ್ತದೆ" ಎಂದು ಬರೆದಿದ್ದರೆ (ಜಿ ಎಂದರೆ ಗುರುತ್ವ ವೇಗೋತ್ಕರ್ಷದ ಎಷ್ಟು ಪಟ್ಟು ಎಂಬುದು), ಎಷ್ಟು ಮಿಲಿಸೆಕೆಂಡ್, ಯಾವ ದಿಕ್ಕಿನಿಂದ, ಎಷ್ಟು ಸಲ ಎಂಬುದನ್ನು ನೋಡಿ. ಅವಧಿ ಹೇಳದ ಜಿ ಸಂಖ್ಯೆಗೆ ಅರ್ಥವಿಲ್ಲ. ಬಂದೂಕಿನ ಒದೆತ ಟ್ಯೂಬಿನ ಉದ್ದಕ್ಕೆ ಬರುತ್ತದೆ. ಬೆಟ್ಟದಲ್ಲಿ ಜಾರಿ ಬಿದ್ದಾಗಿನ ಪೆಟ್ಟು ಪಕ್ಕದಿಂದ, ಇಲ್ಲವೇ ಟರೆಟ್ ಮೇಲೆ. ಸಾವಿರಾರು ಗುಂಡುಗಳ ಒದೆತ ತಾಳಿದ ಸ್ಕೋಪ್ ಪಕ್ಕದ ಒಂದೇ ಪೆಟ್ಟಿಗೆ ಝೀರೋ ಕಳೆದುಕೊಳ್ಳಬಹುದು.

ಮಿಲ್-ಎಸ್‌ಟಿಡಿ-810 ಎಂಬುದು ಅಮೆರಿಕದ ಸೇನೆಯ ಪರೀಕ್ಷಾ ವಿಧಾನಗಳ ಸಂಗ್ರಹ, ಪಾಸಾದವರಿಗೆ ಕೊಡುವ ಪದಕವಲ್ಲ. ಅದರಲ್ಲಿ ಆಘಾತಕ್ಕೆ ಇರುವುದು 516ನೇ ವಿಧಾನ. ಯಾವ ವಿಧಾನ, ಯಾವ ಮಟ್ಟ ಎಂದು ಹೇಳದೆ ಹೆಸರನ್ನಷ್ಟೇ ಅಂಟಿಸಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ದೃಗುಪಕರಣಗಳಿಗೆಂದೇ ಇರುವ ಐಎಸ್‌ಒ 9022ಕ್ಕೂ ಇದೇ ಮಾತು. ಐಪಿಎಕ್ಸ್7 ಎಂಬ ನೀರುತಡೆ ದರ್ಜೆ ಮಾತ್ರ ಸ್ಪಷ್ಟ: 1 ಮೀಟರ್ ನೀರಿನಲ್ಲಿ 30 ನಿಮಿಷ. ಇನ್ನು ಜೀವಮಾನದ ವಾರಂಟಿ ಎಂದರೆ ಕೆಟ್ಟ ಮೇಲೆ ಬದಲಿಸಿ ಕೊಡುತ್ತಾರೆ ಎಂದಷ್ಟೇ ಅರ್ಥ. ನಾಲ್ಕು ದಿನದ ಹಾದಿಯ ಆಚೆಗೆ ಅದರಿಂದ ಉಪಯೋಗವಿಲ್ಲ.

ತೂಕದ ಬಗ್ಗೆ ಎರಡು ಮಾತು. ಬೆಟ್ಟ ಹತ್ತುವವರು 400 ಗ್ರಾಂ ಸ್ಕೋಪಿಗೆ ಆಸೆಪಡುವುದು ಸಹಜ. ಭಾರ ಹೆಚ್ಚಿದ ಮಾತ್ರಕ್ಕೆ ಗಟ್ಟಿ ಎನ್ನಲಾಗದು. 800 ಗ್ರಾಂ ಸ್ಕೋಪ್ ಅದೇ ಒದೆತದಲ್ಲಿ ರಿಂಗುಗಳ ಮೇಲೆ ಎರಡು ಪಟ್ಟು ಬಲ ಹಾಕುತ್ತದೆ. ಆದರೆ 350 ಗ್ರಾಂನಲ್ಲಿ ದೊಡ್ಡ ವರ್ಧನಾ ವ್ಯಾಪ್ತಿ, ಪಕ್ಕದ ಪ್ಯಾರಲಾಕ್ಸ್ ಗುಂಡಿ (ಕಣ್ಣು ಸರಿದರೂ ಗುರಿಗೆರೆ ಸರಿಯದಂತೆ ದೂರಕ್ಕೆ ಹೊಂದಿಸುವುದು), ಗುರಿಗೆರೆ ಬೆಳಗುವ ದೀಪ, ತೆರೆದ ಟರೆಟ್ ಎಲ್ಲವೂ ಇದ್ದರೆ ಎಲ್ಲೋ ಲೋಹ ಕಡಿಮೆಯಾಗಿದೆ ಎಂದೇ ತಿಳಿಯಬೇಕು. ಚಲಿಸುವ ಪ್ರತಿ ಭಾಗಕ್ಕೂ ಒಂದು ಸಡಿಲವಿದೆ, ಟ್ಯೂಬಿನ ಪ್ರತಿ ತೂತಿಗೂ ಒಂದು ರಬ್ಬರ್ ಉಂಗುರ ಬೇಕು. ಇದಕ್ಕೆ ಹಗುರ ರೈಫಲ್ಲಿನ ಹೊರೆಯೂ ಸೇರುತ್ತದೆ. ಅದೇ ಗುಂಡಿಗೆ 2.7 ಕೆಜಿ ರೈಫಲ್ 4 ಕೆಜಿ ರೈಫಲ್ಲಿಗಿಂತ ಹೆಚ್ಚು ವೇಗದಲ್ಲಿ ಹಿಂದಕ್ಕೆ ಬರುತ್ತದೆ, ಸ್ಕೋಪಿಗೆ ಬೀಳುವ ಏಟೂ ಹೆಚ್ಚು.

ಹಂತ 1: ಕೈಯಲ್ಲಿ ಹಿಡಿದು ನೋಡುವುದು

ಐದು ನಿಮಿಷದ ಕೆಲಸ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಕಟಕಟ ಸದ್ದು ಬರಬಾರದು. ಮುಂದಿನಿಂದ ಟಾರ್ಚ್ ಬಿಟ್ಟು ಹಿಂದಿನಿಂದ ನೋಡಿ. ರೆಟಿಕಲ್ ಮೇಲೆ, ಅಂದರೆ ಒಳಗೆ ಕಾಣುವ ಗುರಿಗೆರೆಗಳ ಮೇಲೆ, ಕಪ್ಪು ಚುಕ್ಕೆ, ಲೋಹದ ಚೂರು ಕಂಡರೆ ಒಳಗೆ ಏನೋ ಸವೆಯುತ್ತಿದೆ. ಟರೆಟ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಿರುಗಿಸಿ. ಕೊನೆಯ ಸುತ್ತಿನಲ್ಲಿ ಕ್ಲಿಕ್ ಕೇಳಿಸುತ್ತಿದ್ದರೂ ರೆಟಿಕಲ್ ಚಲಿಸದಿದ್ದರೆ ಸ್ಪ್ರಿಂಗ್ ಅಲ್ಲಿಯವರೆಗೆ ತಲುಪುತ್ತಿಲ್ಲ. ಹಳೆಯ ಸ್ಕೋಪಾದರೆ ರಿಂಗ್ ಕೂತಿದ್ದ ಜಾಗವನ್ನು ನೋಡಿ. ಉದ್ದಕ್ಕೆ ಉಜ್ಜಿದ ಗೆರೆಗಳಿದ್ದರೆ ಅದು ಒದೆತಕ್ಕೆ ಜಾರಿದೆ. ಸುತ್ತ ತಗ್ಗು ಬಿದ್ದಿದ್ದರೆ ಯಾರೋ ಬಲ ಮೀರಿ ಬಿಗಿದಿದ್ದಾರೆ. ತಗ್ಗು ಬಿದ್ದದ್ದನ್ನು ಕೊಳ್ಳಬೇಡಿ.

ಸ್ಪ್ರಿಂಗ್-ಪಿಸ್ಟನ್ ಏರ್‌ಗನ್ ಮೇಲೆ ಕೂತಿದ್ದ ಸ್ಕೋಪಾದರೆ ಇನ್ನಷ್ಟು ಎಚ್ಚರ ಬೇಕು. ಆ ಬಂದೂಕು ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಅದಕ್ಕೆಂದೇ ಮಾಡದ ಸ್ಕೋಪಿನ ಮಸೂರಗಳ ಹಿಡಿತ ಸಡಿಲವಾಗಿರಬಹುದು.

ಹಂತ 2: ಕಟ್ಟುವುದನ್ನು ಸರಿಯಾಗಿ ಕಟ್ಟುವುದು

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಇಲ್ಲಿ ಎಷ್ಟೋ ಸಲ ನೆಲವೇ ನಿಜಕ್ಕೂ ಡೊಂಕಾಗಿರುತ್ತದೆ. ಸ್ಕೋಪ್ ಕೆಟ್ಟಿತೆಂದು ತೆಗೆದಿಟ್ಟವುಗಳಲ್ಲಿ ಎಷ್ಟೋ ಸರಿಯಾಗಿಯೇ ಇರುತ್ತವೆ. ಸಡಿಲವಾಗಿದ್ದದ್ದು ಅದರ ಕೆಳಗಿನ ಸ್ಕ್ರೂ. ಅಡಿಪಾಯ ಗಟ್ಟಿಯಾಗುವ ತನಕ ಮುಂದಿನ ಯಾವ ಪರೀಕ್ಷೆಯಿಂದಲೂ ಸತ್ಯ ತಿಳಿಯುವುದಿಲ್ಲ. ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಡಿ.

ಮೊದಲು ರೈಫಲ್ ಖಾಲಿ ಮಾಡಿ, ಗುಂಡು ತುಂಬುವ ಬೋಲ್ಟ್ ತೆಗೆದು ಬೇರೆ ಕಡೆ ಇಡಿ. ರಿಂಗುಗಳು ಕೂರುವ ಬೇಸನ್ನು ಬಿಚ್ಚಿ, ರೈಫಲ್ಲಿನ ನಡುಭಾಗದ ಲೋಹದ ಮೈ, ಅಂದರೆ ರಿಸೀವರಿನ ತೂತುಗಳನ್ನೂ ಸ್ಕ್ರೂಗಳನ್ನೂ ಅಸಿಟೋನ್ ಅಥವಾ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಕಾರ್ಖಾನೆಯ ಎಣ್ಣೆ ಉಳಿದರೆ ಸ್ಕ್ರೂ ಸಡಿಲವಾಗದಂತೆ ಹಾಕುವ ಅಂಟಾದ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ. ಬೇಸನ್ನು ಸ್ಕ್ರೂ ಇಲ್ಲದೆ ರಿಸೀವರ್ ಮೇಲಿಟ್ಟು ಒಂದು ತುದಿ ಒತ್ತಿ ನೋಡಿ. ಇನ್ನೊಂದು ತುದಿ ಏಳುತ್ತಿದ್ದರೆ ಅದು ಸರಿಯಾಗಿ ಕೂತಿಲ್ಲ. ಸ್ಕ್ರೂ ಬಿಗಿದಾಗ ಬೇಸ್ ಬಾಗುತ್ತದೆ, ಆ ಬಾಗು ಟ್ಯೂಬಿಗೂ ದಾಟುತ್ತದೆ. ಎಪಾಕ್ಸಿ ಹಾಕಿ ತಳ ಸಮ ಮಾಡುವುದು ಇದಕ್ಕೆ ಪರಿಹಾರ. ಎರಡು ತುಂಡಿನ ಬೇಸಿಗಿಂತ ಒಂದೇ ತುಂಡಿನ ರೈಲಿನಲ್ಲಿ ರಿಂಗುಗಳು ಸಮಸಾಲಿನಲ್ಲಿ ನಿಲ್ಲುವುದು ಸುಲಭ. ಬೇಸಿನ ಸ್ಕ್ರೂಗಳಿಗೆ ನೀಲಿ ಥ್ರೆಡ್‌ಲಾಕರ್ ಒಂದೊಂದು ಹನಿ ಸಾಕು.

ರಿಂಗನ್ನು ರೈಲಿಗೆ ಕೂರಿಸುವಾಗ ಮುಂದಕ್ಕೆ, ನಳಿಕೆಯ ಕಡೆಗೆ ತಳ್ಳಿ ಹಿಡಿದು ಬಿಗಿಯಿರಿ. ರೈಫಲ್ ಹಿಂದಕ್ಕೆ ಒದೆಯುವಾಗ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ, ಎಂದರೆ ರೈಲಿನ ಮೇಲೆ ಮುಂದಕ್ಕೆ ಸರಿಯಲು ನೋಡುತ್ತದೆ. ಮೊದಲೇ ತಡೆಗೆ ಒತ್ತಿ ಕೂತಿದ್ದರೆ ಸರಿಯಲು ಜಾಗವಿರುವುದಿಲ್ಲ.

ರಿಂಗಿನ ಮೇಲ್ಭಾಗದ ಸ್ಕ್ರೂಗಳಿಗೆ ಸಾಮಾನ್ಯವಾಗಿ 1.7ರಿಂದ 2 ನ್ಯೂಟನ್ ಮೀಟರ್ (15ರಿಂದ 18 ಇಂಚು-ಪೌಂಡ್) ಬಿಗಿ. ಸ್ಕೋಪ್ ತಯಾರಕರು ಒಂದು ಸಂಖ್ಯೆ, ರಿಂಗ್ ತಯಾರಕರು ಇನ್ನೊಂದು ಕೊಟ್ಟಿದ್ದರೆ ಕಡಿಮೆಯದನ್ನು ಆರಿಸಿ. ಟಾರ್ಕ್ ವ್ರೆಂಚ್ ಇಲ್ಲದೆ ಕೈ ಅಂದಾಜಿನಲ್ಲಿ ಬಿಗಿದರೆ ಇಡೀ ಪರೀಕ್ಷೆಯೇ ದಂಡ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ. ಎರಡೂ ಕಡೆಯ ಸಂದು ಸಮವಾಗಿರಲಿ. ಥ್ರೆಡ್‌ಲಾಕರ್ ಹಸಿಯಿರುವಾಗ ಜಾರುಗೆಯ ಕೆಲಸ ಮಾಡುತ್ತದೆ, ಅದೇ ಟಾರ್ಕಿಗೆ ಹಿಡಿತ ಹೆಚ್ಚಾಗಿ ಟ್ಯೂಬ್ ಜಜ್ಜುತ್ತದೆ. ಹಾಗಾಗಿ ರಿಂಗಿನ ಮೇಲ್ಭಾಗಕ್ಕೆ ಅದನ್ನು ಹಾಕಬೇಡಿ. ಬಿಗಿದ ಮೇಲೆ ವರ್ಧನೆಯ ಉಂಗುರವನ್ನೂ ಪ್ಯಾರಲಾಕ್ಸ್ ಗುಂಡಿಯನ್ನೂ ತಿರುಗಿಸಿ ನೋಡಿ. ಮೊದಲಿಗಿಂತ ಬಿಗಿಯಾಗಿದ್ದರೆ ಟ್ಯೂಬ್ ಅಮುಕಿದೆ ಅಥವಾ ಬಾಗಿದೆ.

ಸ್ಟಾಕ್ (ಹೆಗಲಿಗೆ ಆನಿಸುವ ಹಿಡಿಭಾಗ) ಹಿಡಿದಿರುವ ಸ್ಕ್ರೂಗಳನ್ನೂ ತಯಾರಕರು ಹೇಳಿದ ಟಾರ್ಕಿಗೆ ಬಿಗಿಯಿರಿ. ಎಲ್ಲ ಮುಗಿದ ಮೇಲೆ ಪೇಂಟ್ ಪೆನ್ನಿನಿಂದ ಸಣ್ಣ ಗೆರೆ ಎಳೆಯಿರಿ: ಪ್ರತಿ ಸ್ಕ್ರೂತಲೆಯಿಂದ ಅದರ ಪಕ್ಕದ ಲೋಹಕ್ಕೆ, ರಿಂಗಿನಿಂದ ಟ್ಯೂಬಿಗೆ, ರಿಂಗಿನಿಂದ ರೈಲಿಗೆ. ಮುಂದೆ ಏನೇ ಸರಿದರೂ ಆ ಗೆರೆ ಮುರಿದು ತೋರಿಸುತ್ತದೆ.

ಹಂತ 3: ಮೊದಲ ಅಳತೆ

ಮೂರು ಗುಂಡು ಹಾರಿಸಿ "ಝೀರೋ ಆಯಿತು" ಎನ್ನುವ ರೂಢಿಯನ್ನು ಇಲ್ಲಿ ಬಿಡಬೇಕು. ಹತ್ತು ಗುಂಡುಗಳ ಗುಂಪು 1.5 ಎಂಒಎ (ಕೋನದ ಇನ್ನೊಂದು ಅಳತೆ, ಡಿಗ್ರಿಯ ಅರವತ್ತರಲ್ಲೊಂದು ಪಾಲು) ಬರುವ ರೈಫಲ್ಲಿನಲ್ಲಿ, ಏನೂ ಕೆಡದಿದ್ದರೂ, ಮೂರು ಗುಂಡಿನ ಎರಡು ಗುಂಪುಗಳ ನಡುಬಿಂದುಗಳ ನಡುವೆ 0.2 ಮಿಲ್‌ವರೆಗೆ ಅಂತರ ಬರಬಹುದು. ಹತ್ತು ಹತ್ತು ಗುಂಡುಗಳನ್ನು ಹೋಲಿಸಿದರೆ ಈ ಗೊಂದಲ 0.1 ಮಿಲ್‌ಗೆ ಇಳಿಯುತ್ತದೆ. 100 ಮೀಟರ್‌ನಲ್ಲಿ, ಒಂದೇ ಬ್ಯಾಚಿನ ಗುಂಡುಗಳಿಂದ, ನಳಿಕೆ ಕಾಯದಂತೆ ಬಿಡುವು ಕೊಡುತ್ತ ಹತ್ತು ಹಾರಿಸಿ. ಪ್ರತಿ ತೂತಿನ ಅಡ್ಡ ದೂರವನ್ನೂ ಎತ್ತರವನ್ನೂ ಅಳೆದು ಸರಾಸರಿ ತೆಗೆಯಿರಿ. ಆ ನಡುಬಿಂದುವೇ ನಿಮ್ಮ ಝೀರೋ. 100 ಮೀಟರ್‌ನಲ್ಲಿ 0.1 ಮಿಲ್ ಎಂದರೆ 1 ಸೆಂಮೀ, 1 ಎಂಒಎ ಎಂದರೆ 2.9 ಸೆಂಮೀ.

ಹಂತ 4: ಟರೆಟ್ ಸುಳ್ಳಾಡುತ್ತದೆಯೇ

ಎತ್ತರದ ಗುರಿಹಲಗೆ ಬೇಕು, ಕನಿಷ್ಠ 120 ಸೆಂಮೀ. ಗಾರೆಯವರ ತೂಗುಗುಂಡಿನ ದಾರ ಇಳಿಬಿಟ್ಟು ಲಂಬ ಗೆರೆ ಎಳೆಯಿರಿ, ಕೆಳತುದಿಯಲ್ಲಿ ಗುರಿಚುಕ್ಕೆ ಇಡಿ. ದೂರವನ್ನು ಟೇಪಿನಿಂದಲೇ 100 ಮೀಟರ್ ಅಳೆಯಿರಿ. ಚುಕ್ಕೆಗೇ ಗುರಿಯಿಟ್ಟು ಐದು ಗುಂಡು. ಟರೆಟ್ 10 ಮಿಲ್ ಏರಿಸಿ ಅದೇ ಚುಕ್ಕೆಗೆ ಗುರಿಯಿಟ್ಟು ಮತ್ತೆ ಐದು. ಎರಡು ಗುಂಪುಗಳ ನಡುಬಿಂದುಗಳ ಅಂತರ 100 ಸೆಂಮೀ ಇರಬೇಕು. 98 ಬಂದರೆ ಶೇ. 2 ಕೊರತೆ. ಅಷ್ಟರಿಂದ ಸ್ಕೋಪನ್ನು ತಿರಸ್ಕರಿಸಬೇಕಿಲ್ಲ. ಪ್ರತಿ ಸಲವೂ ಅದೇ 98 ಬರುತ್ತಿದ್ದರೆ ಲೆಕ್ಕದಲ್ಲಿ ಸರಿಪಡಿಸಬಹುದು. ಒಮ್ಮೆ 98, ಇನ್ನೊಮ್ಮೆ 101 ಬಂದರೆ ಅದಕ್ಕೆ ಮದ್ದಿಲ್ಲ. ಎತ್ತರದ ಗುಂಪು ಗೆರೆಯಿಂದ ಪಕ್ಕಕ್ಕೆ ಸರಿದಿದ್ದರೆ ರೆಟಿಕಲ್ ಓರೆಯಾಗಿ ಕೂತಿದೆ ಅಥವಾ ನೀವು ರೈಫಲ್ ಓರೆ ಹಿಡಿದಿದ್ದೀರಿ. ರೈಲಿನ ಮೇಲೆ ಸಣ್ಣ ರಸಮಟ್ಟ ಇಟ್ಟು ಮತ್ತೊಮ್ಮೆ ನೋಡಿ.

ಬಳಿಕ ಟರೆಟ್ಟನ್ನು ಮೇಲಿನ ಮಿತಿಯವರೆಗೂ, ಕೆಳಗಿನ ಮಿತಿಯವರೆಗೂ ಹತ್ತು ಸಲ ತಿರುಗಿಸಿ ಝೀರೋಗೆ ಮರಳಿ ಐದು ಗುಂಡು ಹಾರಿಸಿ. ಪಕ್ಕದ ಟರೆಟ್ಟಿಗೂ ಇದೇ. ಎತ್ತರ ಏರಿಸಿದಾಗ ಸ್ಕ್ರೂ ಹಿಂದೆ ಸರಿದು ಸ್ಪ್ರಿಂಗ್ ಹಿಗ್ಗುತ್ತದೆ. ಅದರ ಬಲ ಅತಿ ಕಡಿಮೆಯಿರುವುದು ಮೇಲಿನ ತುದಿಯಲ್ಲೇ. ಸೋತ ಸ್ಪ್ರಿಂಗ್ ಮೊದಲು ಸಿಕ್ಕಿಬೀಳುವುದೂ ಅಲ್ಲಿಯೇ.

ಕ್ಲಿಕ್ ತಿರುಗಿಸಿದ ಮೇಲೆ ಟರೆಟ್ ಮೇಲೆ ಬೆರಳಿನಿಂದ ತಟ್ಟಬೇಕು, ಗುರುತು ದಾಟಿಸಿ ಹಿಂದಕ್ಕೆ ತರಬೇಕು, ಎರಡು ಗುಂಡು ಹಾರಿಸಿ "ಕೂರಿಸಬೇಕು" ಎಂದೆಲ್ಲ ಹೇಳುವವರಿದ್ದಾರೆ. ಅಂಥ ಉಪಚಾರ ಬೇಡುವ ಸ್ಕೋಪಿನ ಇರೆಕ್ಟರ್ ಎಲ್ಲೋ ಸಿಕ್ಕಿಕೊಳ್ಳುತ್ತಿದೆ ಎಂದು ತಿಳಿದರೆ ಸಾಕು.

ಹಂತ 5: ಪೆಟ್ಟು

ಮನಸ್ಸು ಒಪ್ಪದ ಹಂತ ಇದು. ಬೆಲೆ ಕೊಟ್ಟು ತಂದದ್ದನ್ನು ಬೇಕೆಂದೇ ಬೀಳಿಸುವುದು ಹೇಗೆ? ಆದರೆ ಕಣಿವೆಯಲ್ಲಿ ಕಾಲು ಜಾರಿದಾಗ ಅದು ನಿಮ್ಮನ್ನು ಕೇಳಿ ಬೀಳುವುದಿಲ್ಲ. ಸ್ಕೋಪಿನ ಮೈಮೇಲೆ ಗೀರು ಬೀಳಬಹುದು, ಸ್ಟಾಕಿಗೂ ಪೆಟ್ಟಾಗಬಹುದು. ಅದಕ್ಕೆ ಸಿದ್ಧರಿದ್ದರೆ ಮಾತ್ರ ಮಾಡಿ.

ಗಟ್ಟಿ ನೆಲದ ಮೇಲೆ 2-3 ಸೆಂಮೀ ದಪ್ಪದ ಫೋಮ್ ಹಾಸು. ರೈಫಲ್ ಖಾಲಿ, ಬೋಲ್ಟ್ ಹೊರಗೆ. ಮೊದಲು 45 ಸೆಂಮೀ ಎತ್ತರದಿಂದ ಎಡಮಗ್ಗುಲಿಗೆ ಒಮ್ಮೆ ಬೀಳಿಸಿ. ಪೆಟ್ಟು ಸ್ಕೋಪಿಗೇ ತಗಲುವಂತೆ ಹಿಡಿಯಿರಿ. ನಳಿಕೆಯಲ್ಲಿ ಅಡಚಣೆ ಇಲ್ಲವೆಂದು ನೋಡಿಕೊಂಡು ಝೀರೋ ಗುರಿಗೆ ಒಂದು ಗುಂಡು. ಬಲಮಗ್ಗುಲು, ಒಂದು ಗುಂಡು. ಟರೆಟ್ ಕೆಳಗಾಗುವಂತೆ ಒಮ್ಮೆ, ಒಂದು ಗುಂಡು. ಮೂರೂ ಗುಂಡು ಮೊದಲಿನ ಹತ್ತರ ಗುಂಪಿನೊಳಗೇ ಬಿದ್ದರೆ 90 ಸೆಂಮೀಗೆ ಏರಿ ಇದನ್ನೇ ಪುನಃ ಮಾಡಿ. ಕೊನೆಗೆ 90 ಸೆಂಮೀಯಿಂದ ಪ್ರತಿ ಮಗ್ಗುಲಿಗೆ ಮೂರು ಮೂರು ಸಲ ಬೀಳಿಸಿ, ಹೊಸದಾಗಿ ಹತ್ತು ಗುಂಡು ಹಾರಿಸಿ ನಡುಬಿಂದು ತೆಗೆಯಿರಿ.

ನಡುಬಿಂದು 0.1 ಮಿಲ್ ಒಳಗೆ ಸರಿದಿದ್ದರೆ ಅದನ್ನು ಸ್ಕೋಪಿನ ತಲೆಗೆ ಕಟ್ಟಬೇಡಿ. 0.2 ಮಿಲ್ ಅಥವಾ ಹೆಚ್ಚಿದ್ದರೆ ಎಲ್ಲೋ ಏನೋ ಅಲ್ಲಾಡಿದೆ. ಎಲ್ಲಿ ಎಂದು ಹುಡುಕಲು ಒಂದು ಕ್ರಮವಿದೆ. ಮೊದಲು ಪೇಂಟಿನ ಗೆರೆಗಳನ್ನು ನೋಡಿ. ಮುರಿದಿದ್ದರೆ ದೋಷ ಕಟ್ಟಿನದು. ಗೆರೆ ನೆಟ್ಟಗಿದ್ದರೆ ಸ್ಟಾಕ್ ಸ್ಕ್ರೂಗಳ ಟಾರ್ಕ್ ಪರೀಕ್ಷಿಸಿ. ಅದೂ ಸರಿಯಿದ್ದರೆ ಹಿಂದೆಯೇ ಈ ಪರೀಕ್ಷೆ ಗೆದ್ದ ಬೇರೊಂದು ಸ್ಕೋಪನ್ನು ಅದೇ ರೈಫಲ್ಲಿಗೆ ಕಟ್ಟಿ ಬೀಳಿಸಿ ನೋಡಿ. ಅದೂ ಸರಿದರೆ ರಿಸೀವರ್ ಸ್ಟಾಕಿನಲ್ಲಿ ಸರಿಯಾಗಿ ಕೂತಿಲ್ಲ, ಅದನ್ನು ಎಪಾಕ್ಸಿಯಿಂದ ಬಿಗಿಯಾಗಿ ಕೂರಿಸುವ ಬೆಡ್ಡಿಂಗ್ ಮಾಡಿಸಬೇಕು. ಅದು ಕದಲದೆ ನಿಂತರೆ ಮೊದಲನೆಯ ಸ್ಕೋಪ್ ಬೆಟ್ಟಕ್ಕೆ ಆಗದು.

ಬೀಳಿಸಲು ಮನಸ್ಸಿಲ್ಲದವರಿಗೆ ಸೌಮ್ಯವಾದ ದಾರಿ: ನಳಿಕೆಯ ತುದಿಗೆ ಗ್ರಿಡ್ ಇರುವ ಕಾಲಿಮೇಟರ್ (ಗುಂಡು ಹಾರಿಸದೆ ಗುರಿ ನೋಡುವ ಉಪಕರಣ) ಸಿಕ್ಕಿಸಿ ರೆಟಿಕಲ್ ಎಲ್ಲಿದೆ ಎಂದು ಬರೆದುಕೊಳ್ಳಿ. ರಬ್ಬರ್ ಸುತ್ತಿಗೆಯಿಂದ ಟರೆಟ್ ಕಟ್ಟಿನ ಮೇಲೂ ಸ್ಕೋಪಿನ ಮುಂಭಾಗದ ಪಕ್ಕಕ್ಕೂ ಹದವಾಗಿ ಹತ್ತಾರು ಸಲ ತಟ್ಟಿ ಮತ್ತೆ ನೋಡಿ. ತೀರಾ ದುರ್ಬಲವಾದವು ಇಷ್ಟಕ್ಕೇ ಬಯಲಾಗುತ್ತವೆ. ಇದನ್ನು ಗೆದ್ದದ್ದೆಲ್ಲ ಬೀಳುವುದನ್ನೂ ತಾಳುತ್ತದೆ ಎನ್ನಲಾಗದು.

ಕುಲುಕಾಟದ ಪರೀಕ್ಷೆಗೆ ಬೇರೆ ಏರ್ಪಾಡು ಬೇಕಿಲ್ಲ. ರೈಫಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಕೆಟ್ಟ ದಾರಿಯಲ್ಲಿ ಕೆಲವು ನೂರು ಕಿಲೋಮೀಟರ್ ವಾಹನದಲ್ಲಿ ಒಯ್ದು, ಮತ್ತೆ ಹತ್ತು ಗುಂಡು. ಸ್ಕ್ರೂ ಬಿಚ್ಚಿಕೊಳ್ಳುವುದು ದೊಡ್ಡ ಪೆಟ್ಟಿಗಿಂತ ಇಂಥ ಸಣ್ಣ ನಡುಕಕ್ಕೇ ಹೆಚ್ಚು.

ಹಂತ 6: ನೀರು, ಚಳಿ, ಎತ್ತರ

ಒಳಗೆ ತೇವವಿರದಂತೆ ಸ್ಕೋಪಿನಲ್ಲಿ ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿರುತ್ತಾರೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 1013 ಹೆಕ್ಟೋಪ್ಯಾಸ್ಕಲ್. 4000 ಮೀಟರ್ ಎತ್ತರದಲ್ಲಿ ಸುಮಾರು 616. ಮೇಲೇರುವಾಗ ಒಳಗಿನ ಅನಿಲ ರಬ್ಬರ್ ಉಂಗುರಗಳನ್ನು ಹೊರಕ್ಕೆ ತಳ್ಳುತ್ತದೆ. ಎಲ್ಲಾದರೂ ಸೋರಿದರೆ ಇಳಿಯುವಾಗ ಅದೇ ದಾರಿಯಲ್ಲಿ ತೇವದ ಗಾಳಿ ಒಳಗೆ ಬರುತ್ತದೆ. ಮೊದಲ ದಿನ ಸರಿಯಿದ್ದ ಸ್ಕೋಪ್ ನಾಲ್ಕನೆಯ ದಿನ ಮಸುಕಾಗುವುದು ಹೀಗೆ.

ಪರೀಕ್ಷೆಗೆ ರೈಫಲ್ಲಿನಿಂದ ಬಿಚ್ಚಿದ ಸ್ಕೋಪನ್ನು, ಮುಚ್ಚಳಗಳನ್ನೆಲ್ಲ ಬಿಗಿದು, 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿ. ನೀರಿನಲ್ಲಿ ಮುಳುಗಿಸಬಹುದೆಂದು ತಯಾರಕರು ಹೇಳಿದ್ದರೆ ಮಾತ್ರ ಇದನ್ನು ಮಾಡಿ. ಟರೆಟ್ ಮುಚ್ಚಳದಡಿ ಸಿಕ್ಕಿಕೊಂಡ ಗಾಳಿಯಿಂದ ಮೊದಲಿಗೆ ನಾಲ್ಕಾರು ಗುಳ್ಳೆ ಏಳುವುದು ಸಹಜ. ಒಂದೇ ಜಾಗದಿಂದ ಎಡೆಬಿಡದೆ ಏಳುತ್ತಿದ್ದರೆ ಅದು ಸೋರಿಕೆ. ಇನ್ನೊಂದು ಪರೀಕ್ಷೆ ಫ್ರೀಜರಿನದು. ಎರಡು ಗಂಟೆ ಇಟ್ಟು ಹೊರತೆಗೆದಾಗ ಗಾಜಿನ ಹೊರಮೈ ಮಂಜಾಗುತ್ತದೆ, ಒರೆಸಿದರೆ ಹೋಗಬೇಕು. ಒರೆಸಿದರೂ ಹೋಗದ ಮಸುಕು ಒಳಗಿನದು. ಚಳಿಯಲ್ಲೇ ಟರೆಟ್, ವರ್ಧನೆಯ ಉಂಗುರ, ಪ್ಯಾರಲಾಕ್ಸ್ ಗುಂಡಿಗಳನ್ನು ಕೈಗವಸು ಹಾಕಿಕೊಂಡು ತಿರುಗಿಸಿ ನೋಡಿ. ಕಡಿಮೆ ದರ್ಜೆಯ ಗ್ರೀಸ್ ಗಟ್ಟಿಯಾಗಿ ಉಂಗುರ ಕದಲುವುದೇ ಇಲ್ಲ. ದೀಪದ ಸಿಆರ್2032 ಬ್ಯಾಟರಿಯೂ ಚಳಿಗೆ ಸೊರಗುತ್ತದೆ; ದೀಪವಿಲ್ಲದೆಯೂ ಮುಸ್ಸಂಜೆಯಲ್ಲಿ ಕಾಣುವಂಥ ದಪ್ಪನೆಯ ರೆಟಿಕಲ್ ಇರಲಿ.

ಬೆಟ್ಟದ ಮೇಲೆ

ತೆರೆದ ಟರೆಟ್ ಬೆನ್ನುಚೀಲಕ್ಕೆ ಉಜ್ಜಿ ತಾನೇ ತಿರುಗುತ್ತದೆ. ಬೀಗವಿರುವ ಟರೆಟ್ ಅಥವಾ ಮುಚ್ಚಳವಿರುವುದು ಒಳ್ಳೆಯದು. ಪಕ್ಕದ ಹೊಂದಾಣಿಕೆಗಂತೂ ಮುಚ್ಚಳವೇ ಸರಿ. ಗುರಿ ಹಿಡಿಯುವ ಮುನ್ನ ಟರೆಟ್ಟಿನ ಸಂಖ್ಯೆಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಮೇಲ್ಮುಖವಾಗಿ ಕಡಿದಾದ ಗುರಿಗೆ ಮಲಗಿ ಹಾರಿಸುವಾಗ ಕಣ್ಣು ಸ್ಕೋಪಿಗೆ ಹತ್ತಿರವಾಗುತ್ತದೆ. ಕಣ್ಣಿನ ಅಂತರ 9 ಸೆಂಮೀಗಿಂತ ಕಡಿಮೆಯಿದ್ದರೆ ಹುಬ್ಬು ಸೀಳುವ ಅಪಾಯವಿದೆ. ರಾತ್ರಿ ರೈಫಲ್ಲನ್ನು ಬೆಚ್ಚನೆಯ ಡೇರೆಯೊಳಗೆ ತರಬೇಡಿ. ತಂದರೆ ಗಾಜಿನ ಹೊರಗೆ ನೀರು ಕೂತು, ಬೆಳಗಿನ ಚಳಿಯಲ್ಲಿ ಹೆಪ್ಪುಗಟ್ಟುತ್ತದೆ. ಖಾಲಿ ಮಾಡಿ, ಮಳೆ-ಹಿಮ ತಾಗದಂತೆ ಹೊರಗೇ, ಕೈಗೆ ಸಿಗುವಲ್ಲಿ ಇಡಿ.

ಚೀಲದಲ್ಲಿ ಹೆಚ್ಚು ಏನೂ ಬೇಡ: ರಿಂಗ್ ಮತ್ತು ಬೇಸಿನ ಸ್ಕ್ರೂಗಳಿಗೆ ಹೊಂದುವ ಬಿಟ್‌ಗಳು, ಸಣ್ಣ ಟಾರ್ಕ್ ಡ್ರೈವರ್, ಮಸೂರದ ಬ್ರಷ್, ಝೀರೋ ನೋಡಲು ಆರು ಗುಂಡು. ರೈಫಲ್ ಒಮ್ಮೆ ಜೋರಾಗಿ ಬಿದ್ದರೆ ಮೊದಲು ನಳಿಕೆಯೊಳಗೆ ಮಣ್ಣು, ಹಿಮ ಸೇರಿದೆಯೇ ನೋಡಿ. ಆಮೇಲೆ ಪೇಂಟಿನ ಗೆರೆಗಳು, ಆಮೇಲೆ ಟರೆಟ್ಟಿನ ಸಂಖ್ಯೆ. ಸದ್ದು ಮಾಡಬಹುದಾದ, ಹಿಂದೆ ಗಟ್ಟಿ ಮಣ್ಣಿನ ದಿಬ್ಬವಿರುವ ಜಾಗದಲ್ಲಿ 100 ಮೀಟರ್‌ಗೆ ಎರಡು ಗುಂಡು ಹಾರಿಸಿ. ಹಾರಿಸಲಾಗದಿದ್ದರೆ ದೂರದ ಗುರಿಯನ್ನು ಬಿಟ್ಟು, 100 ಮೀಟರ್ ಒಳಗೆ ಬಂದದ್ದಕ್ಕೆ ಮಾತ್ರ ರೈಫಲ್ ಎತ್ತಿ. 0.5 ಮಿಲ್ ಸರಿದಿದ್ದರೂ ಅಷ್ಟು ದೂರಕ್ಕೆ ಅದು 5 ಸೆಂಮೀ ಮಾತ್ರ. 400 ಮೀಟರ್‌ಗಾದರೆ 20.